ಕ್ಯಾಪ್ಚರ್ ಕಾರ್ಡ್ ಕೊಳ್ಳುವ ಮೊದಲು

‘ಸಾರ್, ಗೇಮ್ ಆಡೋದನ್ನ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಬೇಕು. ಸಿಸ್ಟಮ್ ಅಷ್ಟೇನೂ ದೊಡ್ಡದಲ್ಲ. ಯಾವ ಕ್ಯಾಪ್ಚರ್ ಕಾರ್ಡ್ ತಗೊಳ್ಳಲಿ?’ ಈ ಅಂಕಣಕ್ಕೆ ಪದೇ ಪದೇ ಬರುವ ಪ್ರಶ್ನೆ ಇದು. ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೆಬಾವಿಪಾಳ್ಯ, ಬೇಗೂರು ಕಡೆಯಿಂದ ಕೇಳುವವರು ಹೆಚ್ಚು. ಪಿಯುಸಿ, ಡಿಪ್ಲೊಮಾ ಓದುವ ಮಕ್ಕಳು, ಪಿಜಿಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುವವರು, ಮಗನ ಹಟಕ್ಕೆ ಏನು ಹೇಳಬೇಕೆಂದು ತೋಚದ ಅಪ್ಪಂದಿರು. ಪ್ರಶ್ನೆಯೊಳಗೇ ಒಂದು ನಂಬಿಕೆ ಕೂತಿರುತ್ತದೆ: ಕಂಪ್ಯೂಟರಿಗೆ ಶಕ್ತಿ ಸಾಲದಿದ್ದರೆ ಹೊರಗಿನಿಂದ ಒಂದು ಡಬ್ಬಿ ತಂದು ಸಿಕ್ಕಿಸಿದರಾಯಿತು, ರೆಕಾರ್ಡಿಂಗಿನ ಭಾರವನ್ನೆಲ್ಲ ಅದೇ ಹೊರುತ್ತದೆ ಎಂದು. ಹಾಗಾಗುವುದಿಲ್ಲ. ಗೇಮ್ ಓಡುವುದೂ ರೆಕಾರ್ಡ್ ಆಗುವುದೂ ಒಂದೇ ಕಂಪ್ಯೂಟರಿನಲ್ಲಾದರೆ ಕ್ಯಾಪ್ಚರ್ ಕಾರ್ಡಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ಬೇಕಾದ ಯಂತ್ರ ಬಹಳ ಸಲ ಆ ಕಂಪ್ಯೂಟರಿನ ಒಳಗೇ ಇರುತ್ತದೆ, ಅದನ್ನು ಯಾರೂ ಕೆಲಸಕ್ಕೆ ಹಚ್ಚಿರುವುದಿಲ್ಲ.

ರೆಕಾರ್ಡಿಂಗ್ ಯಾಕೆ ಭಾರ ಎಂಬುದನ್ನು ಮೊದಲು ಲೆಕ್ಕದಲ್ಲೇ ನೋಡೋಣ. ನಾವು 1080ಪಿ ಎನ್ನುವ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20 ಲಕ್ಷದ ಮೇಲಾಯಿತು. ಒಂದೊಂದು ಚುಕ್ಕೆಯ ಬಣ್ಣ ಬರೆದಿಡಲು 3 ಬೈಟ್. ಅಂದರೆ ಒಂದು ಚಿತ್ರಕ್ಕೆ 62 ಲಕ್ಷ ಬೈಟ್, ಸುಮಾರು 6 ಎಂಬಿ. ಸೆಕೆಂಡಿಗೆ 60 ಚಿತ್ರ ಬೇಕು. ಹಾಗಾಗಿ ಸೆಕೆಂಡಿಗೆ 373 ಎಂಬಿ, ನಿಮಿಷಕ್ಕೆ 22 ಜಿಬಿ. ಇದ್ದದ್ದನ್ನು ಇದ್ದ ಹಾಗೇ ಬರೆದಿಡುತ್ತ ಹೋದರೆ 256 ಜಿಬಿಯ ಖಾಲಿ ಎಸ್‌ಎಸ್‌ಡಿ ಹನ್ನೊಂದು ಹನ್ನೆರಡು ನಿಮಿಷದಲ್ಲಿ ತುಂಬಿಹೋಗುತ್ತದೆ. ಹಳೆಯ ಹಾರ್ಡ್ ಡಿಸ್ಕಿಗಂತೂ ಅಷ್ಟು ವೇಗದಲ್ಲಿ ಬರೆಯಲು ಬರುವುದೇ ಇಲ್ಲ. 1999ರಲ್ಲಿ ಬಂದ ಫ್ರಾಪ್ಸ್ ಎಂಬ ತಂತ್ರಾಂಶವನ್ನು ಬಳಸಿದವರಿಗೆ ಇದು ನೆನಪಿರಬೇಕು. ಅದು ತೀರಾ ಕಡಿಮೆ ಒತ್ತಿ ಬರೆಯುತ್ತಿತ್ತು, ನಾಲ್ಕು ನಿಮಿಷದ ಆಟಕ್ಕೆ ಡಿಸ್ಕ್ ತುಂಬಿತೆಂದು ಕೆಂಪು ಗೆರೆ ಬರುತ್ತಿತ್ತು.

ಆದ್ದರಿಂದ ಚಿತ್ರವನ್ನು ಬರೆಯುವ ಮೊದಲೇ ಕುಗ್ಗಿಸಬೇಕು. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಏನು ವ್ಯತ್ಯಾಸ, ಯಾವ ತುಂಡು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಹುಡುಕಿ, ಬದಲಾದದ್ದನ್ನು ಮಾತ್ರ ಬರೆಯುವ ಕೆಲಸ ಅದು. ಎನ್‌ಕೋಡಿಂಗ್ ಎನ್ನುವುದು ಇದಕ್ಕೇ. ಹೀಗೆ ಮಾಡಿದರೆ ಸೆಕೆಂಡಿಗೆ 373 ಎಂಬಿ ಇದ್ದದ್ದು 5 ಎಂಬಿಗೆ ಇಳಿದರೂ ಕಣ್ಣಿಗೆ ಹೆಚ್ಚು ಕಮ್ಮಿ ಗೊತ್ತಾಗುವುದಿಲ್ಲ. ಆದರೆ ಈ ಹುಡುಕಾಟವನ್ನು ಸೆಕೆಂಡಿಗೆ 60 ಸಲ ಮಾಡುವವರು ಯಾರು? ಪ್ರೊಸೆಸರ್ ಮಾಡಿದರೆ ಅದು ಆಟಕ್ಕೆ ಮೀಸಲಾಗಬೇಕಾದ ತನ್ನ ಸಮಯವನ್ನು ಇದಕ್ಕೆ ಕೊಡಬೇಕು. ಸಾಧಾರಣ ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಿದ ಕೂಡಲೇ ಆಟ ತಡವರಿಸುವುದು ಈ ಕಾರಣಕ್ಕೆ.

ಈ ಕೆಲಸಕ್ಕೆಂದೇ ಪ್ರತ್ಯೇಕ ಸರ್ಕ್ಯೂಟನ್ನು ಚಿಪ್ಪಿನ ಮೂಲೆಯಲ್ಲಿ ಕೊರೆದು ಕೊಡುವ ಪದ್ಧತಿ 2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಜ್ ಪ್ರೊಸೆಸರುಗಳೊಂದಿಗೆ ಮನೆಮನೆಗೆ ಬಂತು. ಅದರ ಹೆಸರು ಕ್ವಿಕ್ ಸಿಂಕ್. ಮರುವರ್ಷ ಎನ್‌ವಿಡಿಯಾ ತನ್ನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಎನ್‌ವೆಂಕ್ ಎಂಬ ಹೆಸರಿನಲ್ಲಿ ಇಂಥದ್ದನ್ನೇ ಇಟ್ಟಿತು. ಎಎಂಡಿಯದ್ದೂ ಅದೇ ಹೊತ್ತಿಗೆ ಬಂತು. ಒಬಿಎಸ್ ಎಂಬ ಉಚಿತ ರೆಕಾರ್ಡಿಂಗ್ ತಂತ್ರಾಂಶ ಮೊದಲು ಹೊರಬಂದದ್ದೂ 2012ರಲ್ಲೇ. ಇವತ್ತು ಮನೆಯಲ್ಲಿ ಕೂತು ಆಟ ರೆಕಾರ್ಡ್ ಮಾಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಅದೇ. ನನ್ನ ಸಲಹೆಯೂ ಅದೇ.

ಗಾರ್ವೆಬಾವಿಪಾಳ್ಯದ ಒಂದು ಮನೆಗೆ ಈ ವಿಷಯಕ್ಕಾಗಿಯೇ ಹೋಗಿದ್ದೆ. ಹುಡುಗ ಪಿಯುಸಿ. ತಾಯಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಾರೆ. ಮಗನ ಓದಿಗೆಂದು ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಕೊಡಿಸಿದ್ದರು. ಈ ಭಾಗದಲ್ಲಿ ಇಂಥ ಯಂತ್ರಗಳು ಧಾರಾಳ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಎಚ್ಎಸ್ಆರ್, ಕೋರಮಂಗಲ. ಅಲ್ಲಿನ ಆಫೀಸುಗಳು ಕೆಲವು ವರ್ಷಕ್ಕೊಮ್ಮೆ ಬದಲಿಸುವ ಡೆಸ್ಕ್‌ಟಾಪ್‌ಗಳು ಒರೆಸಿ, ಧೂಳು ಹೊಡೆದು, ‘ರೀಫರ್ಬಿಶ್ಡ್’ ಎಂಬ ಚೀಟಿಯೊಂದಿಗೆ ನಮ್ಮ ಬೀದಿಗಳಿಗೆ ಬರುತ್ತವೆ. ಹುಡುಗನದ್ದು 2015ರಲ್ಲಿ ಬಂದ ಐ5 6500 ಪ್ರೊಸೆಸರಿನ ಚಿಕ್ಕ ಪೆಟ್ಟಿಗೆ. ಗೇಮಿಗೆಂದು ಅಂಗಡಿಯವರು ಜಿಟಿ 1030 ಎಂಬ ಪುಟ್ಟ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಟ್ಟಿದ್ದರು. ಮೈನ್‌ಕ್ರಾಫ್ಟ್ ಚೆನ್ನಾಗಿಯೇ ಓಡುತ್ತಿತ್ತು. ರೆಕಾರ್ಡ್ ಒತ್ತಿದರೆ ಮಾತ್ರ ಚಿತ್ರ ಮುಗ್ಗರಿಸುತ್ತಿತ್ತು. ‘ಕ್ಯಾಪ್ಚರ್ ಕಾರ್ಡ್ ಹಾಕಿಸು, ಸರಿಹೋಗುತ್ತೆ’ ಎಂದು ಅಂಗಡಿಯಲ್ಲಿ ಹೇಳಿದ್ದರಂತೆ.

ಅಲ್ಲಿ ನಿಜವಾಗಿ ನಡೆಯುತ್ತಿದ್ದದ್ದು ಇಷ್ಟು. ಜಿಟಿ 1030 ಎನ್‌ವಿಡಿಯಾ ಕಾರ್ಡೇ ಆದರೂ ಅದರ ಚಿಪ್ಪಿನಲ್ಲಿ ಎನ್‌ವೆಂಕ್ ಇಲ್ಲ. ಎನ್‌ಕೋಡರ್ ಸಿಗದ ಒಬಿಎಸ್, ಆ ಕೆಲಸವನ್ನು ಎಕ್ಸ್264 ಎಂಬ ವಿಧಾನದಲ್ಲಿ ಪ್ರೊಸೆಸರಿನ ತಲೆಗೆ ಕಟ್ಟಿತ್ತು. ಐ5 6500ಕ್ಕೆ ಇರುವುದು ನಾಲ್ಕೇ ಕೋರ್. ಅವು ಆಟವನ್ನು ನೋಡಬೇಕೋ ರೆಕಾರ್ಡಿಂಗನ್ನು ನೋಡಬೇಕೋ? ಆದರೆ ಅದೇ ಪ್ರೊಸೆಸರಿನೊಳಗೆ ಇಂಟೆಲ್‌ನ ಸ್ವಂತ ಗ್ರಾಫಿಕ್ಸ್ ಇದೆ, ಅದರ ಜೊತೆ ಕ್ವಿಕ್ ಸಿಂಕ್ ಕೂಡ ಇದೆ. ಹೊರಗಿನ ಕಾರ್ಡ್ ಸಿಕ್ಕಿಸಿದ ಕೂಡಲೇ ಎಷ್ಟೋ ಕಂಪ್ಯೂಟರುಗಳಲ್ಲಿ ಒಳಗಿನ ಗ್ರಾಫಿಕ್ಸ್ ತಾನಾಗಿ ಮಲಗಿಬಿಡುತ್ತದೆ. ಬಯಾಸ್‌ಗೆ ಹೋಗಿ ಅದನ್ನು ಎಬ್ಬಿಸಬೇಕು. ಆ ಆಯ್ಕೆಯ ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ: ‘ಐಜಿಪಿಯು ಮಲ್ಟಿ ಮಾನಿಟರ್’ ಎಂದೋ, ‘ಮಲ್ಟಿ ಡಿಸ್‌ಪ್ಲೇ’ ಎಂದೋ ಇರುತ್ತದೆ. ಕೆಲವು ಮದರ್‌ಬೋರ್ಡುಗಳಲ್ಲಿ ಇರುವುದೇ ಇಲ್ಲ. ಈ ಹುಡುಗನದ್ದರಲ್ಲಿ ಇತ್ತು. ಅದನ್ನು ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಒಬಿಎಸ್‌ನ ಔಟ್‌ಪುಟ್ ಸೆಟ್ಟಿಂಗಿನಲ್ಲಿ ಎನ್‌ಕೋಡರ್ ಪಟ್ಟಿ ತೆರೆದಾಗ ಕ್ವಿಕ್ ಸಿಂಕ್ ಕಾಣಿಸಿತು. ಈಗ ಆಟವನ್ನು ಚಿತ್ರಿಸುವುದು ಜಿಟಿ 1030, ಕುಗ್ಗಿಸುವುದು ಇಂಟೆಲ್‌ನ ಮೂಲೆ. ಪ್ರೊಸೆಸರಿಗೆ ಆಟದ ಕೆಲಸ ಮಾತ್ರ ಉಳಿಯಿತು. ಮುಗ್ಗರಿಸುವುದು ನಿಂತಿತು, ಒಂದು ರೂಪಾಯಿ ಖರ್ಚಾಗಲಿಲ್ಲ.

ಹುಡುಗನಿಗೆ ಇದನ್ನೆಲ್ಲ ವಿವರಿಸುತ್ತಿದ್ದಾಗ ತಾಯಿ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. ‘ಅಂದ್ರೆ ನಮ್ ಫ್ಯಾಕ್ಟ್ರೀಲಿ ಕಾಜಾ ಮಿಷನ್ ಇದ್ದಂಗೆ ಬಿಡಿ ಸಾರ್. ಅದಕ್ಕೆ ಕಾಜಾ ಬಿಟ್ಟು ಇನ್ನೇನೂ ಬರಲ್ಲ. ಆದ್ರೆ ಟೈಲರ್ ಕೈಲಿ ಅಷ್ಟು ಬೇಗ ಹಾಕಕ್ಕಾಗಲ್ಲ’ ಎಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಪ್ರೊಸೆಸರ್ ಎಲ್ಲ ಬಲ್ಲ ಟೈಲರ್. ಎನ್‌ಕೋಡರ್ ಒಂದನ್ನೇ ಬಲ್ಲ ಯಂತ್ರ. ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದು: ‘ಗೇಮ್‌ಗಳನ್ನೆಲ್ಲ ಬ್ಯಾನ್ ಮಾಡಿದಾರಂತಲ್ಲ ಸಾರ್, ಇದೇನಾದ್ರೂ ಕೇಸಾಗುತ್ತಾ?’ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆಯುವುದು ಹಣ ಪಣಕ್ಕಿಡುವ ಆಟಗಳನ್ನು. ಮೈನ್‌ಕ್ರಾಫ್ಟ್ ಆಡುವುದಕ್ಕೂ ಅದನ್ನು ರೆಕಾರ್ಡ್ ಮಾಡುವುದಕ್ಕೂ ಆ ಕಾಯ್ದೆಗೂ ಸಂಬಂಧವಿಲ್ಲ. ಇ-ಸ್ಪೋರ್ಟ್ಸ್‌ಗೆ ಅದು ಪ್ರೋತ್ಸಾಹವನ್ನೇ ಹೇಳುತ್ತದೆ.

ಈಗ ಕೊಳ್ಳುವ ಮಾತು. ಇಲ್ಲಿ ಹೆಸರಿನ ಒಂದು ಅಕ್ಷರ, ಒಂದು ಅಂಕಿ ಬಹಳ ಮುಖ್ಯ. ಇಂಟೆಲ್ ಪ್ರೊಸೆಸರಿನ ಹೆಸರು ‘ಎಫ್’ ಅಕ್ಷರದಿಂದ ಮುಗಿದರೆ ಅದರೊಳಗೆ ಬಳಸಬಹುದಾದ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ಐ5 12400ರಲ್ಲಿ ಇದೆ, ಐ5 12400ಎಫ್‌ನಲ್ಲಿ ಇಲ್ಲ. ಸ್ವಲ್ಪ ಅಗ್ಗ ಎಂದು ಎಫ್ ತಂದವರು ರೆಕಾರ್ಡಿಂಗಿಗೆ ಪೂರ್ತಿ ಗ್ರಾಫಿಕ್ಸ್ ಕಾರ್ಡನ್ನೇ ನಂಬಬೇಕು. ಎಎಂಡಿಯಲ್ಲಿ ರೈಝೆನ್ 5 5600ಜಿ ಎಂದರೆ ಒಳಗೆ ಗ್ರಾಫಿಕ್ಸೂ ಎನ್‌ಕೋಡರೂ ಇವೆ. ಜಿ ಇಲ್ಲದ 5600ರಲ್ಲಿ ಎರಡೂ ಇಲ್ಲ. ಇನ್ನು ಕಾರ್ಡುಗಳು. ಜಿಟಿ 1030ರ ಕತೆ ಹೇಳಿದೆ. ಅದೇ ಚಿಪ್ಪಿನ ಲ್ಯಾಪ್‌ಟಾಪ್ ರೂಪಗಳಾದ ಎಂಎಕ್ಸ್150, ಎಂಎಕ್ಸ್250 ಕೂಡ ಹಾಗೆಯೇ. ಎಎಂಡಿ 2022ರ ಜನವರಿಯಲ್ಲಿ ತಂದ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಆಟಕ್ಕೆ ತಕ್ಕಮಟ್ಟಿಗೆ ಸರಿ, ಆದರೆ ವೀಡಿಯೊ ಎನ್‌ಕೋಡರನ್ನು ಅವುಗಳಿಂದ ತೆಗೆದೇಬಿಟ್ಟಿದ್ದಾರೆ. ಹೊಸ ಕಾರ್ಡ್ ಎಂದು ಹಿಗ್ಗಿ ತಂದವರಿಗೆ ಇದು ಮನೆಗೆ ಬಂದ ಮೇಲೆ ಗೊತ್ತಾಗುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಪೆಟ್ಟಿಗೆಯ ಮೇಲೆ ಬೇರೆಲ್ಲ ದೊಡ್ಡ ಅಕ್ಷರದಲ್ಲಿರುತ್ತದೆ, ಇಲ್ಲದ್ದನ್ನು ಇಲ್ಲ ಎಂದು ಯಾರೂ ಬರೆಯುವುದಿಲ್ಲ.

ಹಾಗಾದರೆ ಅಂಗಡಿಯಲ್ಲಿ ಹೇಗೆ ಪರೀಕ್ಷಿಸುವುದು? ಒಬಿಎಸ್ ಅನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಅದರ ಜಿಪ್ ಕಡತ ಅವರದೇ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಬೊಮ್ಮನಹಳ್ಳಿಯವರಿಗೆ ಸಾದರ ಪತ್ರಪ್ಪ ರಸ್ತೆ, ಅಂದರೆ ನಮ್ಮೆಲ್ಲರ ಎಸ್.ಪಿ. ರೋಡ್, ಹತ್ತಿರವಾಗಿದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಸಾಕು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಕಾಟವಿಲ್ಲ. ಹೋಗುವಾಗ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಹಣ ಕೊಡುವ ಮೊದಲು ‘ಅಣ್ಣ, ಇದನ್ನೊಂದು ಓಪನ್ ಮಾಡಿ ತೋರಿಸಿ’ ಎನ್ನಿ. ಎನ್‌ಕೋಡರ್ ಪಟ್ಟಿಯಲ್ಲಿ ಎಕ್ಸ್264 ಒಂದೇ ಇದ್ದರೆ ಮೊದಲು ಡ್ರೈವರ್ ಸರಿಯಾಗಿ ಕೂತಿದೆಯೇ ಎಂದು ಕೇಳಿ. ಡ್ರೈವರ್ ಸರಿಯಿದ್ದೂ ಪಟ್ಟಿ ಬೆಳೆಯದಿದ್ದರೆ ಆ ಯಂತ್ರ ನಿಮಗಲ್ಲ. ಎನ್‌ವೆಂಕ್, ಕ್ವಿಕ್ ಸಿಂಕ್, ಎಎಂಡಿ ಹೆಸರಿನ ಯಾವುದಾದರೂ ಒಂದು ಕಂಡರೆ ಅಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿ ನೋಡಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಡ ಎನ್ನುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆಫೀಸ್ ಯಂತ್ರವನ್ನೇ ಈಗ ಕೊಳ್ಳುವವರಿಗೆ ನನ್ನ ಸಲಹೆ, ಇಂಟೆಲ್‌ನ ಆರನೆಯ ಏಳನೆಯ ಪೀಳಿಗೆಯನ್ನು ಬಿಟ್ಟು ಎಂಟನೆಯದಕ್ಕೆ ಹೋಗಿ. ಐ5 8500ರಲ್ಲಿ ಆರು ಕೋರ್ ಇವೆ, ಕ್ವಿಕ್ ಸಿಂಕ್ ಇದೆ, ವಿಂಡೋಸ್ 11 ಅಧಿಕೃತವಾಗಿ ಓಡುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೈನ್‌ಕ್ರಾಫ್ಟ್, ಜಿಟಿಎ ಸ್ಯಾನ್ ಆಂಡ್ರಿಯಾಸ್ ಮಟ್ಟದ ಆಟಕ್ಕೆ ಮೊದಲು ಅದರಲ್ಲಿರುವ ಗ್ರಾಫಿಕ್ಸಿನಲ್ಲೇ ಆಡಿ ನೋಡಿ. ಸಾಲದೆ ಹೋದರೆ ಆಗ ಕಾರ್ಡ್. ಆಫೀಸ್ ಪೆಟ್ಟಿಗೆಗಳ ಪವರ್ ಸಪ್ಲೈ ಚಿಕ್ಕದು, ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಪ್ರತ್ಯೇಕ ಕರೆಂಟಿನ ವೈರು ಬಹಳಷ್ಟರಲ್ಲಿ ಇರುವುದಿಲ್ಲ. ಅದಕ್ಕೇ 2019ರ ಜಿಟಿಎಕ್ಸ್ 1650 ಇವತ್ತಿಗೂ ನನ್ನ ಮೊದಲ ಆಯ್ಕೆ. 75 ವಾಟ್‌ನಲ್ಲಿ ಓಡುತ್ತದೆ, ಹಲವು ಮಾದರಿಗಳಿಗೆ ಹೊರಗಿನ ವೈರು ಬೇಕಿಲ್ಲ, ಸಣ್ಣ ಪೆಟ್ಟಿಗೆಗೆ ಹೊಂದುವ ಗಿಡ್ಡ ಮಾದರಿಯೂ ಬಂದಿದೆ, ಎನ್‌ವೆಂಕ್ ಇದೆ. ಇದರ ಎನ್‌ವೆಂಕ್ ಒಂದು ಪೀಳಿಗೆ ಹಳೆಯದು, ಹೊಸದು ಬೇಕಾದರೆ 1650 ಸೂಪರ್‌ಗೆ ಹೋಗಬೇಕು ಎಂದು ಹೇಳುವವರಿದ್ದಾರೆ. ಮಾತು ನಿಜ. ಆದರೆ ಆ ವ್ಯತ್ಯಾಸ ಎದ್ದು ಕಾಣುವುದು ನೇರಪ್ರಸಾರದಲ್ಲಿ. ಅಲ್ಲಿ ಸೆಕೆಂಡಿಗೆ ಸುಮಾರು 6 ಮೆಗಾಬಿಟ್‌ನೊಳಗೆ ಎಲ್ಲವನ್ನೂ ಹಿಂಡಬೇಕು. ನಾವು ನಮ್ಮದೇ ಡಿಸ್ಕಿಗೆ ಬರೆಯುವಾಗ 30, 40 ಮೆಗಾಬಿಟ್ ಕೊಡಬಹುದು. ಅಷ್ಟು ಧಾರಾಳವಿದ್ದಾಗ ಹಳೆಯ ಎನ್‌ಕೋಡರ್ ಕೂಡ ಚೆನ್ನಾಗಿಯೇ ಬರೆಯುತ್ತದೆ. 1650 ಸೂಪರ್‌ಗೆ ಪ್ರತ್ಯೇಕ ವೈರು ಬೇಕು, ಆಫೀಸ್ ಪೆಟ್ಟಿಗೆಗೆ ಅದೇ ತೊಡಕು. ಇಂಟೆಲ್‌ನ ಆರ್ಕ್ ಎ380 ಕೂಡ ಒಂದಿದೆ. 2022ರಲ್ಲೇ ಎವಿ1 ಎಂಬ ಹೊಸ ವಿಧಾನದ ಎನ್‌ಕೋಡಿಂಗನ್ನು ಅಗ್ಗದ ಕಾರ್ಡಿಗೆ ತಂದದ್ದು ಅದು. ಎನ್‌ಕೋಡರ್ ಬಹಳ ಒಳ್ಳೆಯದು, ಆದರೆ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಹಳೆಯ ಮದರ್‌ಬೋರ್ಡಿನಲ್ಲಿ ಆಟದ ವೇಗ ಬಿದ್ದುಹೋಗುತ್ತದೆ. ಜಿಟಿಎಕ್ಸ್ 1050 ಟಿಐ, 1060 ಅಗ್ಗಕ್ಕೆ ಸಿಕ್ಕುತ್ತವೆ, ಎನ್‌ವೆಂಕ್ ಕೂಡ ಇದೆ. ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಚೌಕಾಸಿ ಮಾಡಿ.

ಎನ್‌ಕೋಡರ್ ಇದ್ದೂ ರೆಕಾರ್ಡಿಂಗ್ ಜರ್ಕ್ ಹೊಡೆಯುತ್ತದೆ ಎಂಬ ದೂರೂ ಬರುತ್ತದೆ. ಸಾಮಾನ್ಯವಾಗಿ ಅಲ್ಲಿ ಆಟವೇ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ನುಂಗಿರುತ್ತದೆ. ಒಬಿಎಸ್‌ಗೂ ಪರದೆಯನ್ನು ಜೋಡಿಸಲು ಆ ಕಾರ್ಡಿನ ಸ್ವಲ್ಪ ಸಮಯ ಬೇಕು. ಆಟದ ಸೆಟ್ಟಿಂಗಿನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ, ನೆರಳು ಗಿರಳನ್ನು ಒಂದು ಹಂತ ಇಳಿಸಿ. ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ವಿಂಡೋಸ್ ಅದಕ್ಕೆ ಆದ್ಯತೆ ಕೊಡುತ್ತದೆ. ಆಗಲೂ ಆಗದಿದ್ದರೆ 1080ಪಿಯನ್ನು ಬಿಟ್ಟು 720ಪಿಗೆ ಇಳಿಯಿರಿ. ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಫೋನಿನಲ್ಲಿ ನೋಡುವವರಿಗೆ ನುಣ್ಣಗೆ ಸಾಗುವ 720ಪಿ, ಮುಗ್ಗರಿಸುವ 1080ಪಿಗಿಂತ ಎಷ್ಟೋ ಹಿತ. ವೀಡಿಯೊ ಮಬ್ಬಾಗಿ ಬರುತ್ತದೆ ಎನ್ನುವವರು ಹಾರ್ಡ್‌ವೇರ್ ಬದಲಿಸುವ ಮೊದಲು ಒಬಿಎಸ್‌ನ ರೆಕಾರ್ಡಿಂಗ್ ಗುಣಮಟ್ಟ ನೋಡಲಿ. ಅಲ್ಲಿ ‘ಸೇಮ್ ಆಸ್ ಸ್ಟ್ರೀಮ್’ ಎಂದಿದ್ದರೆ ಅದು ನೇರಪ್ರಸಾರದ ಬಡ ಲೆಕ್ಕ. ‘ಹೈ ಕ್ವಾಲಿಟಿ’ಗೆ ಬದಲಿಸಿ, ಅಥವಾ ಸಿಕ್ಯೂಪಿ ಆರಿಸಿ ಸಂಖ್ಯೆಯನ್ನು 20ರಿಂದ 23ರೊಳಗೆ ಇಡಿ. ಯೂಟ್ಯೂಬ್ 1080ಪಿಯ 60 ಫ್ರೇಮ್ ವೀಡಿಯೊಗೆ ಶಿಫಾರಸು ಮಾಡುವುದು 12 ಮೆಗಾಬಿಟ್. ಎಡಿಟಿಂಗಿಗೆ ಒಂದಿಷ್ಟು ಉಳಿಯಲೆಂದು ಅದರ ಎರಡರಷ್ಟು ಇಟ್ಟುಕೊಂಡರೂ ಒಂದು ಗಂಟೆಗೆ 11 ಜಿಬಿ ದಾಟುವುದಿಲ್ಲ.

ಈ ಲೆಕ್ಕದಿಂದಲೇ ಇನ್ನೊಂದು ಭಯ ಕಳೆಯಬೇಕು. ರೆಕಾರ್ಡಿಂಗಿಗೆ ದುಬಾರಿ ಎಸ್‌ಎಸ್‌ಡಿ ಬೇಡ. 40 ಮೆಗಾಬಿಟ್ ಎಂದರೂ ಸೆಕೆಂಡಿಗೆ 5 ಎಂಬಿ, ಹಳೆಯ ಹಾರ್ಡ್ ಡಿಸ್ಕ್ ಅದನ್ನು ಸಲೀಸಾಗಿ ಬರೆಯುತ್ತದೆ. ವಿಂಡೋಸೂ ಆಟವೂ ಎಸ್‌ಎಸ್‌ಡಿಯಲ್ಲಿರಲಿ, ರೆಕಾರ್ಡಿಂಗ್ ಹಾರ್ಡ್ ಡಿಸ್ಕಿಗೆ ಹೋಗಲಿ. ರ್‍ಯಾಮ್ ಕುರಿತು ಮಾತ್ರ ಸ್ವಲ್ಪ ಒತ್ತಿ ಹೇಳುತ್ತೇನೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಅದು ರ್‍ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ಒಂದೇ ದಾರಿ, ಎರಡು ಕಡ್ಡಿ ಸರಿಯಾದ ಜಾಗದಲ್ಲಿದ್ದರೆ ಎರಡು ದಾರಿ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳಲ್ಲಿ ಆಟ ಎಷ್ಟು ಸುಧಾರಿಸುತ್ತದೆಂದು ನೋಡಿದವರು ಮತ್ತೆ ಒಂದಕ್ಕೆ ಹೋಗುವುದಿಲ್ಲ. ಎಐ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿದೆ. ಆಫೀಸ್ ಯಂತ್ರ ಕೊಳ್ಳುವಾಗಲೇ ಎರಡು ಕಡ್ಡಿ ಇರುವುದನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ.

ಬೊಮ್ಮನಹಳ್ಳಿಯ ಕಡೆ ಮಳೆ ಬಂದರೆ ಕರೆಂಟು ಹೋಗುತ್ತದೆ ಎಂಬುದು ಅಲ್ಲಿ ಇರುವವರಿಗೆ ಗೊತ್ತು. ಎಂಪಿ4 ಕಡತದ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಕರೆಂಟು ಹೋದರೆ ಒಂದು ಗಂಟೆಯ ಆಟ ತೆರೆಯದ ಕಡತವಾಗಿ ಉಳಿಯುತ್ತದೆ. ಎಂಕೆವಿಯಲ್ಲಿ ಹಾಗಲ್ಲ, ಕರೆಂಟು ಹೋದ ಕ್ಷಣದವರೆಗಿನದು ಸಿಗುತ್ತದೆ. ಎಂಕೆವಿಯಲ್ಲೇ ರೆಕಾರ್ಡ್ ಮಾಡಿ ಆಮೇಲೆ ಒಬಿಎಸ್‌ನ ರೀಮಕ್ಸ್ ಆಯ್ಕೆಯಿಂದ ಎಂಪಿ4 ಮಾಡಿಕೊಳ್ಳಿ. ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ, ಕಡತದ ಹೊದಿಕೆ ಮಾತ್ರ ಬದಲಾಗುತ್ತದೆ. ಒಬಿಎಸ್ 30.2ರಿಂದ ಹೈಬ್ರಿಡ್ ಎಂಪಿ4 ಕೂಡ ಇದೆ, ಅದೂ ಹೀಗೆಯೇ ಉಳಿಯುತ್ತದೆ. ಒಂದು ಚಿಕ್ಕ ಯುಪಿಎಸ್ ಕೊಳ್ಳಲು ಸಾಧ್ಯವಾದರೆ ಕೊಳ್ಳಿ, ಅದು ಡಿಸ್ಕಿಗೂ ಒಳ್ಳೆಯದು.

ಹಾಗಾದರೆ ಕ್ಯಾಪ್ಚರ್ ಕಾರ್ಡ್ ಯಾರಿಗೆ? ಚಿತ್ರ ಕಂಪ್ಯೂಟರಿನ ಹೊರಗೆ ಹುಟ್ಟುವಾಗ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಇದ್ದವರಿಗೆ, ಇಲ್ಲವೇ ಒಂದು ಕಂಪ್ಯೂಟರಿನಲ್ಲಿ ಆಡಿ ಇನ್ನೊಂದರಲ್ಲಿ ರೆಕಾರ್ಡ್ ಮಾಡುವವರಿಗೆ. ಸಾವಿರ ರೂಪಾಯಿಯ ಒಳಗೆ ಸಿಗುವ ಎಚ್‌ಡಿಎಂಐ ಕಡ್ಡಿಗಳ ಮೇಲೆ ‘4ಕೆ’ ಎಂದು ಬರೆದಿರುತ್ತದೆ. ಅದು ಒಳಗೆ ತೆಗೆದುಕೊಳ್ಳಬಲ್ಲದ್ದು. ಕಂಪ್ಯೂಟರಿಗೆ ಕೊಡುವುದು ಸಾಮಾನ್ಯವಾಗಿ 1080ಪಿ, ಅದೂ ಸೆಕೆಂಡಿಗೆ 30 ಚಿತ್ರ. ಬಹಳಷ್ಟು ಕಡ್ಡಿಗಳು ಯುಎಸ್‌ಬಿ 2.0. ಆ ದಾರಿಯ ಗರಿಷ್ಠ ವೇಗವೇ ಸೆಕೆಂಡಿಗೆ 60 ಎಂಬಿ. ಒತ್ತದ 1080ಪಿ 60 ಫ್ರೇಮಿಗೆ, ಬಣ್ಣವನ್ನು ಅರ್ಧ ಬಿಟ್ಟುಕೊಟ್ಟು ಬರೆದರೂ, 250 ಎಂಬಿಯಷ್ಟು ಬೇಕು. ಹಾಗಾಗಿ ಕಡ್ಡಿ ಪ್ರತಿ ಚಿತ್ರವನ್ನೂ ಜೆಪೆಗ್ ಥರ ಹಿಂಡಿ ಕಳಿಸುತ್ತದೆ, ಅದನ್ನು ಬಿಚ್ಚಿ ಮತ್ತೆ ಎನ್‌ಕೋಡ್ ಮಾಡುವ ಕೆಲಸ ನಿಮ್ಮ ಕಂಪ್ಯೂಟರಿನದೇ. ಕನ್ಸೋಲ್ ಆಟವನ್ನು ಕಲಿಯುವ ಮಟ್ಟಿಗೆ ಇದು ಸಾಕು. ಗಂಭೀರವಾಗಿ ಮಾಡುವವರು ಯುಎಸ್‌ಬಿ 3.0 ಕಾರ್ಡನ್ನೇ ನೋಡಬೇಕು. ಪ್ಲೇಸ್ಟೇಷನ್ 4ರಲ್ಲಂತೂ ಸೆಟ್ಟಿಂಗಿಗೆ ಹೋಗಿ ಎಚ್‌ಡಿಸಿಪಿ ಎಂಬ ನಕಲು ತಡೆಯನ್ನು ಆಫ್ ಮಾಡದಿದ್ದರೆ ಯಾವ ಕಾರ್ಡಿನಲ್ಲೂ ಕಪ್ಪು ಪರದೆಯೇ. ಅದಕ್ಕೂ ಮೊದಲು ನೆನಪಿರಲಿ, ಆ ಕನ್ಸೋಲಿನ ಕಂಟ್ರೋಲರಿನಲ್ಲೇ ಶೇರ್ ಬಟನ್ ಇದೆ.

ಬಿಜಿಎಂಐಯಂಥ ಫೋನಿನ ಆಟದವರಿಗೂ ಕ್ಯಾಪ್ಚರ್ ಕಾರ್ಡ್ ಬೇಡ. ಫೋನಿನ ಒಳಗೂ ಎನ್‌ಕೋಡರ್ ಇದೆ, ಕ್ಯಾಮೆರಾ ವೀಡಿಯೊ ತೆಗೆಯುವುದೇ ಅದರಿಂದ. ಎಸ್‌ಸಿಆರ್‌ಸಿಪಿವೈ ಎಂಬ ಉಚಿತ ತಂತ್ರಾಂಶ ಯುಎಸ್‌ಬಿ ಕೇಬಲ್ ಮೂಲಕ ಆಂಡ್ರಾಯ್ಡ್ ಪರದೆಯನ್ನು ಕಂಪ್ಯೂಟರಿಗೆ ತರುತ್ತದೆ. ಚಿತ್ರ ಫೋನಿನಲ್ಲೇ ಕುಗ್ಗಿ ಬರುವುದರಿಂದ, ಅದರ ರೆಕಾರ್ಡ್ ಆಯ್ಕೆ ಬಳಸಿದರೆ ಬಂದದ್ದನ್ನು ಡಿಸ್ಕಿಗೆ ಬರೆಯುವುದಷ್ಟೇ ಕಂಪ್ಯೂಟರಿನ ಕೆಲಸ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಸಾಕು. ಆಂಡ್ರಾಯ್ಡ್ 11 ಇಲ್ಲವೇ ನಂತರದ ಫೋನುಗಳಲ್ಲಿ ಧ್ವನಿಯೂ ಬರುತ್ತದೆ.

ಇಷ್ಟೆಲ್ಲ ಉಳಿಸಿದ ಹಣದಲ್ಲಿ ಮೈಕ್ ಕೊಳ್ಳಿ ಎನ್ನುವುದು ನನ್ನ ಒತ್ತಾಯ. ಅದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಹುಟ್ಟಿತು. ಜಿಟಿಎ ಮಾಡುವ ರಾಕ್‌ಸ್ಟಾರ್ ಅದನ್ನು 2019ರಲ್ಲಿ ಕೊಂಡು ಇಲ್ಲಿನ ತನ್ನ ತಂಡಕ್ಕೆ ಸೇರಿಸಿಕೊಂಡಿತು. ಆಟ ಮಾಡುವವರು ನಮ್ಮ ಊರಿನಲ್ಲೇ ಇದ್ದಾರೆ, ಆಡುವ ಮಕ್ಕಳು ಬೀದಿ ಬೀದಿಗೂ ಇದ್ದಾರೆ. ಅವರ ಆಟವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ದನಿಗಳು ಇನ್ನೂ ಎಷ್ಟೋ ಬೇಕು. ನೋಡುವವರು ಚಿತ್ರ ಸ್ವಲ್ಪ ಮಬ್ಬಿದ್ದರೆ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಹೊರಟುಬಿಡುತ್ತಾರೆ. ಹೊಸೂರು ರಸ್ತೆಯ ಹಾರ್ನ್, ಪಕ್ಕದ ಮನೆಯ ಕುಕ್ಕರ್ ವಿಸಿಲ್, ತಲೆಯ ಮೇಲಿನ ಫ್ಯಾನ್ ಇವೆಲ್ಲ ಲ್ಯಾಪ್‌ಟಾಪಿನ ಮೈಕಿಗೆ ನಿಮ್ಮ ಮಾತಿನಷ್ಟೇ ಗಟ್ಟಿಯಾಗಿ ಕೇಳುತ್ತವೆ. ಬಾಯಿಗೆ ಗೇಣು ದೂರದಲ್ಲಿಡಬಹುದಾದ ಸಾಧಾರಣ ಯುಎಸ್‌ಬಿ ಮೈಕ್, ಇಲ್ಲವೇ ಕಾಲರಿಗೆ ಸಿಕ್ಕಿಸುವ ಮೈಕ್ ಇದ್ದರೂ ದನಿಯೇ ಬದಲಾಗುತ್ತದೆ. ಒಬಿಎಸ್‌ನಲ್ಲಿ ಮೈಕಿನ ಫಿಲ್ಟರಿಗೆ ಹೋಗಿ ನಾಯ್ಸ್ ಸಪ್ರೆಶನ್‌ನಲ್ಲಿ ಆರ್‌ಎನ್‌ನಾಯ್ಸ್ ಆರಿಸಿ. ಫ್ಯಾನಿನ ಸದ್ದನ್ನು ಅದು ಚೆನ್ನಾಗಿ ತೆಗೆಯುತ್ತದೆ, ಪ್ರೊಸೆಸರಿಗೂ ಹೆಚ್ಚು ಭಾರವಾಗುವುದಿಲ್ಲ. ಆಟದ ಸದ್ದು ಸ್ಪೀಕರಿನಿಂದ ಮೈಕಿಗೆ ನುಗ್ಗದಂತೆ ಹೆಡ್‌ಫೋನ್ ಹಾಕಿಕೊಳ್ಳಿ. ಒಬಿಎಸ್ ಆರು ಧ್ವನಿ ಟ್ರ್ಯಾಕುಗಳವರೆಗೆ ಬೇರೆ ಬೇರೆಯಾಗಿ ಬರೆಯಬಲ್ಲದು. ಆಟವನ್ನು ಒಂದರಲ್ಲಿ, ಮಾತನ್ನು ಇನ್ನೊಂದರಲ್ಲಿ ಇಡಿ. ನೀವು ಮಾತಾಡುತ್ತಿರುವಾಗ ಆಟದಲ್ಲಿ ಬಾಂಬ್ ಸಿಡಿದರೆ, ಎಡಿಟ್ ಮಾಡುವಾಗ ಆ ಟ್ರ್ಯಾಕನ್ನು ಮಾತ್ರ ತಗ್ಗಿಸಿ ನಿಮ್ಮ ಮಾತನ್ನು ಉಳಿಸಿಕೊಳ್ಳಬಹುದು.